ಸಾಹೇಬರಿಗೆ ಬಿಟ್ಟ ಐದು ಸಾಲು

ಮಾನ್ವಿ
8 ಆಗಸ್ಟ್ 2023

ಚಿ. ವಿಜಯಶ್ರೀಗೆ,

ನಾನೂ ನಿನ್ನ ಅವ್ವನೂ ಚೆನ್ನಾಗಿದ್ದೇವೆ. ನಿನ್ನೆ ಬಂದ ಸುದ್ದಿ ಕೇಳಿದ ಮೇಲೆ ನಾನೊಬ್ಬ ಅಷ್ಟೇನೂ ಚೆನ್ನಾಗಿಲ್ಲ.

ಫೋನು ಬಿಟ್ಟು ಪತ್ರ ಯಾಕೆ ಎಂದು ನಗಬೇಡ. ಮೂವತ್ನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿದ್ದವನು ಕೇಸಿನ ಮಾತನ್ನು ಫೋನಿನಲ್ಲಿ ಆಡುವುದಿಲ್ಲ. ಅಲ್ಲದೆ ಹೋದ ಸಲ ನನ್ನ ಮಾತು ಮುಗಿಯುವ ಮೊದಲೇ ನೀನು ಫೋನು ಇಟ್ಟೆ. ಪತ್ರವನ್ನಾದರೂ ಕೊನೆಯ ತನಕ ಓದುತ್ತೀ ಅಂದುಕೊಂಡಿದ್ದೇನೆ.

ನಿನ್ನೆ ತಾಲ್ಲೂಕು ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿಗೆ ರೇಷನ್ ಕಾರ್ಡಿನ ಅರ್ಜಿ ಬರೆದುಕೊಡುತ್ತಿದ್ದೆ. ನನ್ನ ಜೊತೆ ಕೆಲಸ ಮಾಡಿದ ಹನುಮಂತ ಬಂದು ಪಕ್ಕದಲ್ಲಿ ಕುಳಿತ. ಅವನು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು, ನನ್ನ ಮಗಳು ಇನ್ಸ್‌ಪೆಕ್ಟರ್ ಅಂಬರೀಶ ಅವರ ಮೇಲಿನ ಕೇಸನ್ನು ಹಿಡಿದಿದ್ದಾಳೆ ಅಂತ. ಮುದುಕಿಯ ಅರ್ಜಿಯಲ್ಲಿ ಎರಡು ಕಡೆ ತಪ್ಪಾಯಿತು, ಹಾಳೆ ಬದಲಿಸಬೇಕಾಯಿತು.

ರಾಯಚೂರಿನಲ್ಲಿ ನಿನಗೆ ಬೇರೆ ಕೇಸೇ ಸಿಗಲಿಲ್ಲವೇ? ಅಂಬರೀಶ ಮಲ್ಲನಗಡ್ಡಿ ಠಾಣೆಯಲ್ಲಿ ಎಸ್‌ಐ ಆಗಿದ್ದಾಗ ನಾನು ಅಲ್ಲಿಯೇ ದಾಖಲೆ ಬರೆಯುವ ರೈಟರ್ ಆಗಿದ್ದೆ ಎನ್ನುವುದು ನಿನಗೆ ಗೊತ್ತು. ಠಾಣೆಯಲ್ಲಿ ಹೊಡೆದರು ಎನ್ನುವ ಆ ದಿನ ನಾನು ಗೂಗಲ್ ಊರಿಗೆ ಬಂದೋಬಸ್ತಿಗೆ ಹೋಗಿದ್ದೆ. ಹಾಗಾಗಿ ನನ್ನನ್ನು ಏನೂ ಕೇಳಬೇಡ. ಆದರೆ ಒಂದು ಮಾತು ಹೇಳುತ್ತೇನೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಪೊಲೀಸರ ಮೇಲೆ ಕೇಸು ಹಾಕಿದವನಿಗೆ ಆ ಗೆಲುವಿನ ಸೋಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ವಕಾಲತ್ತು ವಾಪಸು ಕೊಟ್ಟುಬಿಡು.

ನಿನ್ನ ಅವ್ವ ಸಜ್ಜೆರೊಟ್ಟಿ ಕಟ್ಟಿಡುತ್ತೇನೆ, ಬಂದು ಒಯ್ಯಲಿ ಎನ್ನುತ್ತಾಳೆ.

ನಿನ್ನ ಅಪ್ಪ,
ಪಂಪಾಪತಿ


ರಾಯಚೂರು
27 ಆಗಸ್ಟ್ 2023

ಅಪ್ಪಾ,

ನಿನ್ನ ಪತ್ರವನ್ನು ಕೊನೆಯ ತನಕ ಓದಿದೆ. ಈಗ ನನ್ನದನ್ನು ಓದು. ವಕಾಲತ್ತು ವಾಪಸು ಕೊಡುವುದಿಲ್ಲ.

ವಸೀಮ್ ಯಾರು ಎಂದು ನೀನು ಒಂದು ಸಲವೂ ಕೇಳಲಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ದೇವದುರ್ಗದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅವನದು. 2017ರ ಜೂನಿನಲ್ಲಿ ಅರಕೇರಾ ಸುತ್ತ ಮೋಟಾರು ಕಳುವಾದವು. ಅಂಗಡಿಯಲ್ಲಿ ತಾಮ್ರ ಇದೆ ಎಂಬ ಒಂದೇ ಕಾರಣಕ್ಕೆ ಇವನನ್ನು ಎತ್ತಿಕೊಂಡು ಹೋದರು. ಅಂಬರೀಶ ಅವನ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ ಬೆರಳುಗಳ ಮೇಲೆ ಹೊಡೆದರು. ಒಂದು ತಿಂಗಳಲ್ಲಿ ನಿಜವಾದ ಕಳ್ಳರು ಬೇರೆ ಜಿಲ್ಲೆಯಲ್ಲಿ ಸಿಕ್ಕರು. ವಸೀಮನ ಬಲಗೈಯ ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಕೂದಲಿನಂಥ ತಂತಿಯನ್ನು ಸುತ್ತುತ್ತಿದ್ದವನು ಈಗ ಅಂಗಿಯ ಗುಂಡಿಯನ್ನು ತಾಯಿಯ ಕೈಯಲ್ಲಿ ಹಾಕಿಸಿಕೊಳ್ಳುತ್ತಾನೆ. ಅವನ ತಾಯಿ ಮುನ್ನೀ ಬೀ ಪ್ರತಿ ತಾರೀಖಿಗೂ ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂರುತ್ತಾಳೆ.

ಇಷ್ಟು ದಿನ ಕೇಸು ಎಲ್ಲಿತ್ತು ಗೊತ್ತೇ? ಸರ್ಕಾರಿ ನೌಕರ ಕರ್ತವ್ಯದಲ್ಲಿದ್ದಾಗ ಮಾಡಿದ ಕೆಲಸಕ್ಕೆ ಕೇಸು ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು. ಬೆರಳು ಮುರಿಯುವುದು ಕರ್ತವ್ಯವೋ ಅಲ್ಲವೋ ಎಂದು ತೀರ್ಮಾನಿಸಲು ಐದು ವರ್ಷ ಹಿಡಿಯಿತು. ಒಂದು ಕಡೆ ಹೌದೆಂದರು, ಇನ್ನೊಂದು ಕಡೆ ಅಲ್ಲವೆಂದರು. ಕೊನೆಗೆ ವಿಚಾರಣೆ ನಡೆಯಲಿ, ಅನುಮತಿಯ ಪ್ರಶ್ನೆಯನ್ನು ತೀರ್ಪಿನಲ್ಲಿ ನೋಡೋಣ ಎಂದರು. ನನ್ನ ಸೀನಿಯರ್‌ಗೆ ವಯಸ್ಸಾಗಿ ಫೈಲು ನನ್ನ ಕೈಗೆ ಬಂತು.

ಈಗ ದಿನಾ ಹಳೆಯ ತೀರ್ಪುಗಳನ್ನು ಓದುತ್ತಿದ್ದೇನೆ. ಓದಿದಷ್ಟೂ ಸಿಟ್ಟು ಬರುತ್ತದೆ. ಪೊಲೀಸರು ಹೊಡೆದು ಒಪ್ಪಿಸುತ್ತಾರೆಂದು ಬ್ರಿಟಿಷರಿಗೇ ಗೊತ್ತಿತ್ತು, ಅದಕ್ಕೇ ಠಾಣೆಯ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಕಾಯ್ದೆ ಮಾಡಿದರು. ನಮ್ಮ ದೊಡ್ಡ ಕೋರ್ಟುಗಳು ಒಂದು ತೀರ್ಪಿನಲ್ಲಿ ಕಣ್ಣೀರು ಹಾಕುತ್ತವೆ, ಮುಂದಿನದರಲ್ಲಿ ಸಂಶಯದ ಲಾಭ ಕೊಟ್ಟು ಮನೆಗೆ ಕಳಿಸುತ್ತವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಂಧಿಸುವಾಗ ಹೀಗೆ ಮಾಡಿ ಎಂದು ಬೋರ್ಡು ಹಾಕಿಸಿದರು, ಠಾಣೆಯಲ್ಲಿ ಕ್ಯಾಮೆರಾ ಇಡಿ ಎಂದರು. ಬೋರ್ಡಿನ ಕೆಳಗೇ ಹೊಡೆತ ನಡೆಯುತ್ತದೆ, ಬೇಕಾದ ದಿನವೇ ಕ್ಯಾಮೆರಾ ಕೆಡುತ್ತದೆ.

1985ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಒಂದು ಮಾತಿದೆ. ನನ್ನ ಮಾತಿನಲ್ಲಿ ಬರೆಯುತ್ತೇನೆ. ಠಾಣೆಯೊಳಗೆ ಏನಾಯಿತೆಂದು ಹೇಳಬಲ್ಲವರು ಪೊಲೀಸರು ಮಾತ್ರ, ಅವರು ಅಣ್ಣತಮ್ಮಂದಿರಂತೆ ಒಬ್ಬರಿಗಾಗಿ ಒಬ್ಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ಗಾಯ ಹೇಗಾಯಿತೆಂದು ತೋರಿಸುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಲು ಕಾಯ್ದೆ ತಿದ್ದಿ ಎಂದು ಕಾನೂನು ಆಯೋಗವೂ ಅದೇ ವರ್ಷ ಹೇಳಿತು. ಆಗ ನಾನು ಹುಟ್ಟಿಯೇ ಇರಲಿಲ್ಲ. ಕಾಯ್ದೆ ಇನ್ನೂ ತಿದ್ದಿಲ್ಲ.

ಆದ್ದರಿಂದ ಒಬ್ಬ ಪೊಲೀಸ್ ಬಾಯಿ ಬಿಡಬೇಕು, ಇಲ್ಲದಿದ್ದರೆ ನಮ್ಮ ಕೇಸು ನಿಲ್ಲುವುದಿಲ್ಲ. ಆ ಮಧ್ಯಾಹ್ನ ಒಬ್ಬ ವಯಸ್ಸಾದ ಪೊಲೀಸ್ ತನಗೆ ನೀರು ಕುಡಿಸಿದ ಎಂದು ವಸೀಮ್ ಹೇಳುತ್ತಾನೆ. ಕೈಯಲ್ಲಿ ಲೋಟ ನಿಲ್ಲಲಿಲ್ಲವಂತೆ, ಅವನೇ ಬಾಯಿಗೆ ಹಿಡಿದನಂತೆ. ಅವನು ಯಾರೆಂದು ನಿನಗೆ ಗೊತ್ತಿರಬೇಕು. ಹೆಸರು ಹೇಳು, ಸಾಕು.

ವಿಜಯಶ್ರೀ


ಮಾನ್ವಿ
15 ಸೆಪ್ಟೆಂಬರ್ 2023

ಚಿ. ವಿಜಯಶ್ರೀಗೆ,

ಆರು ವರ್ಷದ ಹಿಂದೆ ಯಾರು ಯಾರಿಗೆ ನೀರು ಕೊಟ್ಟರು ಎಂದು ಯಾರಿಗೆ ನೆನಪಿರುತ್ತದೆ? ಠಾಣೆಯೆಂದರೆ ಬಂದವರಿಗೆಲ್ಲ ನೀರು ಕೊಡುತ್ತಾರೆ.

ನೀನು ತೀರ್ಪು ಓದಿದ್ದೀ, ನಾನು ಠಾಣೆ ನೋಡಿದ್ದೇನೆ. ಮೋಟಾರು ಕಳಕೊಂಡ ಊರಿನವರು ಬಾಗಿಲಿಗೆ ಬಂದು ಕೂತಿರುತ್ತಾರೆ, ಮೇಲಿನವರು ಗಂಟೆಗೊಂದು ಫೋನು ಮಾಡುತ್ತಾರೆ. ಆಗ ಯಾವ ತೀರ್ಪೂ ನೆನಪಾಗುವುದಿಲ್ಲ. ನನ್ನ ಸರ್ವೀಸಿನಲ್ಲಿ ಇಂಥ ದೂರುಗಳು ಹತ್ತೋ ಹನ್ನೆರಡೋ ಆದವು. ಒಂದರಲ್ಲೂ ಯಾರಿಗೂ ಶಿಕ್ಷೆ ಆಗಲಿಲ್ಲ. ಕೋರ್ಟಿಗೂ ಪೊಲೀಸರು ಬೇಕಲ್ಲ.

ಈ ಸಲ ಬೇವಿನ ಗಿಡದ ಟೊಂಗೆ ಕಡಿದುಬಿಟ್ಟರು. ಬಿಸಿಲಿಗೆ ಮಧ್ಯಾಹ್ನ ಕೂರಲು ಆಗುವುದಿಲ್ಲ. ನಿನ್ನ ಅವ್ವನಿಗೆ ಮೊಣಕಾಲು ನೋವು. ದಸರೆಗೆ ಬಾ.

ಅಪ್ಪ


ರಾಯಚೂರು
19 ಜನವರಿ 2024

ಅಪ್ಪಾ,

ದಸರೆಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಇನ್ನು ಯಾವ ಹಬ್ಬಕ್ಕೆ ಬರುತ್ತೇನೋ ಗೊತ್ತಿಲ್ಲ.

ಮಲ್ಲನಗಡ್ಡಿ ಠಾಣೆಯ ಡೈರಿ ಕೋರ್ಟಿಗೆ ಬಂತು. ಅಂಬರೀಶ ಅವರ ವಕೀಲರೇ ಹೆಮ್ಮೆಯಿಂದ ತರಿಸಿದರು. 22 ಜೂನ್ 2017ರ ಪುಟ. ‘ಸದರಿ ಆಸಾಮಿಯು ತಪ್ಪಿಸಿಕೊಳ್ಳುವ ಉದ್ದೇಶದಿಂದ ಠಾಣೆಯ ಹಿಂಭಾಗದ ಕಾಂಪೌಂಡ್ ಗೋಡೆಯನ್ನು ಹಾರಿ ಬಿದ್ದು ಎರಡೂ ಕೈಗಳಿಗೆ ಗಾಯ ಮಾಡಿಕೊಂಡಿರುತ್ತಾನೆ.’ ನಾನು ಎದ್ದು ನಿಂತು ಓದುತ್ತಿದ್ದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಓದುವುದನ್ನು ಬಿಟ್ಟು ಅಕ್ಷರವನ್ನೇ ನೋಡುತ್ತಾ ನಿಂತೆ. ನ್ಯಾಯಾಧೀಶರು ನೀರು ಬೇಕೇ ಎಂದು ಕೇಳಿದರು.

ಸ್ಲೇಟಿನ ಮೇಲೆ ನನ್ನ ಬೆರಳು ಹಿಡಿದು ನೀನು ತಿದ್ದಿಸಿದ ಅಕ್ಷರ ಅದು. ಪುಟವೆಲ್ಲ ಮುತ್ತು ಪೋಣಿಸಿದ ಹಾಗಿದೆ, ಆ ಐದು ಸಾಲು ಮಾತ್ರ ಒಂದರ ಮೇಲೊಂದು ಹತ್ತಿ ಕೂತಿವೆ. ಗೂಗಲ್ಲಿನ ಬಂದೋಬಸ್ತಿನಲ್ಲಿದ್ದವನು ಠಾಣೆಯ ಡೈರಿಯನ್ನು ಹೇಗೆ ಬರೆದೆ? ನೀರು ಕುಡಿಸಿದ ಪೊಲೀಸಿನವನು ನೀನೇ ಅಲ್ಲವೇ? ಲೋಟ ಹಿಡಿದ ಕೈಯಲ್ಲೇ ಇದನ್ನೂ ಬರೆದೆಯಾ?

ಮುನ್ನೀ ಬೀಗೆ ಇನ್ನೂ ಹೇಳಿಲ್ಲ. ಹೇಳದೆ ಅವಳ ವಕೀಲಳಾಗಿ ನಿಲ್ಲಲು ನನಗೆ ಆಗುವುದಿಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಪತ್ರವನ್ನು ಮೂರು ಸಲ ಹರಿದು ಬರೆದಿದ್ದೇನೆ.

ವಿಜಯಶ್ರೀ


ಮಾನ್ವಿ
26 ಫೆಬ್ರವರಿ 2024

ವಿಜಯಶ್ರೀ,

ಐದು ವಾರ ಉತ್ತರ ಬರೆಯಲಿಲ್ಲ. ನಿನ್ನ ಪತ್ರವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ನಿನ್ನ ಅವ್ವ ಬಟ್ಟೆ ಒಗೆಯುವಾಗ ತೆಗೆದು ಓದಿದಳು. ಅವಳು ಕೂಗಾಡಲಿಲ್ಲ. ರೊಟ್ಟಿ ಬಡಿಯುತ್ತಾ ಒಂದೇ ಮಾತು ಅಂದಳು: “ಹೊಡದವ ಹೊಡದ. ಬರದಾಂವ ನೀ ಅಲ್ಲೇನು?” ಆ ದಿನದಿಂದ ನನ್ನ ತಟ್ಟೆಗೆ ಒಣರೊಟ್ಟಿಯನ್ನಷ್ಟೇ ಹಾಕುತ್ತಾಳೆ.

ಬಂದೋಬಸ್ತು ಹಿಂದಿನ ದಿನ ಇತ್ತು. ಆ ದಿನ ನಾನು ಠಾಣೆಯಲ್ಲೇ ಇದ್ದೆ. ಆ ಮೇಜಿನಿಂದ ಎಂಟು ಹೆಜ್ಜೆ ದೂರದಲ್ಲಿ.

ರೈಟರ್ ಕೆಲಸದ ಒಂದು ರೂಢಿ ನಿನಗೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಡೈರಿಯನ್ನು ಆಗಿಂದಾಗಲೇ, ಜಾಗ ಬಿಡದೆ ಬರೆಯಬೇಕೆಂದು ನಿಯಮ. ಆದರೆ ಒಳಗೆ ‘ವಿಚಾರಣೆ’ ನಡೆಯುತ್ತಿದ್ದರೆ ನಾನು ನಾಲ್ಕೈದು ಸಾಲು ಖಾಲಿ ಬಿಟ್ಟು ಮುಂದಿನ ನಮೂದಿಗೆ ಹೋಗುತ್ತಿದ್ದೆ. ಸಾಹೇಬರ ಜಾಗ ಎಂದು ಅದಕ್ಕೆ ನಾವೇ ಇಟ್ಟ ಹೆಸರು. ಏನೂ ಆಗದಿದ್ದರೆ ಅಲ್ಲಿ ‘ಗಸ್ತು ತಿರುಗಿ ಬಂದೆವು’ ಎಂದು ತುಂಬುವುದು. ಏನಾದರೂ ಆದರೆ ಸಾಹೇಬರು ಹೇಳಿದ್ದನ್ನು ತುಂಬುವುದು. ನನಗೆ ಇದನ್ನು ಕಲಿಸಿದವನಿಗೆ ಅವನ ಹಿರಿಯ ಕಲಿಸಿದ್ದ. ನಾನು ಆರೇಳು ಜನರಿಗೆ ಕಲಿಸಿದ್ದೇನೆ.

ಆ ಹುಡುಗ ತಾಮ್ರದ ರಸೀದಿ ಅಂಗಡಿಯಲ್ಲಿದೆ, ತರಿಸಿ ನೋಡಿ ಎಂದು ಹೇಳುತ್ತಲೇ ಇದ್ದ. ಅಂಬರೀಶ ಆಗ ಹೊಸಬರು, ಮೇಲಿನವರ ಫೋನಿಗೆ ಕಂಗೆಟ್ಟಿದ್ದರು. ಮೊದಲ ಏಟು ಬಿದ್ದಾಗ ನಾನು ತಲೆ ಎತ್ತಲಿಲ್ಲ. ನಾಲ್ಕನೆಯದಕ್ಕೆ ಎತ್ತಿದೆ. ಆಮೇಲೆ ನೀರು ಒಯ್ದೆ. ಅವನ ಬೆರಳು ಲೋಟವನ್ನು ಹಿಡಿಯಲಿಲ್ಲ, ನಾನೇ ಕುಡಿಸಿದೆ. ತಿರುಗಿ ಬಂದು ಕುಳಿತು ಐದು ಸಾಲು ಬಿಟ್ಟೆ.

ಮರುದಿನ ಬೆಳಿಗ್ಗೆ ಸಾಹೇಬರು ಬಂದು ನಿಂತರು. “ಬರೀರಿ ಪಂಪಾಪತಿ, ನಿಮಗ ಗೊತ್ತದಲ್ಲ” ಅಂದರು. ನನಗೆ ಗೊತ್ತಿತ್ತು. ಇಂಥ ಗಾಯಕ್ಕೆ ಒಂದು ವಾಕ್ಯವಿತ್ತು, ಹಿಂದಿನ ಠಾಣೆಯಲ್ಲಿ ಎಷ್ಟೋ ಸಲ ಬರೆದದ್ದು. ಅದನ್ನೇ ಬರೆದೆ. ಐದು ಸಾಲಿಗೆ ಅದು ಹೆಚ್ಚಾಯಿತು, ಅಕ್ಷರ ಚಿಕ್ಕದು ಮಾಡಿದೆ.

ಹಿಂದಿನ ಠಾಣೆಗೆ ಹಿತ್ತಲಲ್ಲಿ ಗೋಡೆ ಇತ್ತು. ಮಲ್ಲನಗಡ್ಡಿಗೆ ಇರಲಿಲ್ಲ. 2017ರಲ್ಲಿ ಅಲ್ಲಿ ಇದ್ದದ್ದು ಜಾಲಿಮುಳ್ಳಿನ ಬೇಲಿ, ಸೊಂಟದೆತ್ತರ. ಗೋಡೆ ಕಟ್ಟಿದ್ದು ಎರಡು ವರ್ಷದ ಮೇಲೆ. ಇಲ್ಲದ ಗೋಡೆಯಿಂದ ಅವನನ್ನು ನಾನು ಬೀಳಿಸಿದೆ. ಸಾಹೇಬರೂ ನೋಡಲಿಲ್ಲ, ವಕೀಲರೂ ನೋಡಲಿಲ್ಲ, ಇಷ್ಟು ವರ್ಷ ಯಾವ ಕೋರ್ಟೂ ನೋಡಲಿಲ್ಲ. ಓದಿದವರಿಗೆಲ್ಲ ಆ ವಾಕ್ಯ ಅಷ್ಟು ರೂಢಿಯಾಗಿತ್ತು.

ಸಮನ್ಸು ಕಳಿಸು. ಬರುತ್ತೇನೆ.

ಪಂಪಾಪತಿ


ರಾಯಚೂರು
14 ಜೂನ್ 2024

ಅಪ್ಪಾ,

ಸಾಕ್ಷಿ ಹೇಳಲು ನೀನು ಮೂರು ಸಲ ಬಸ್ಸು ಹತ್ತಿ ಬಂದು ಮೂರು ಸಲವೂ ಹಾಗೇ ವಾಪಸು ಹೋದೆ. ಮೊದಲ ಸಲ ನ್ಯಾಯಾಧೀಶರು ರಜೆ, ಎರಡನೇ ಸಲ ವಕೀಲರ ಕಲಾಪ ಬಹಿಷ್ಕಾರ, ನಿನ್ನೆ ಎದುರು ವಕೀಲರಿಗೆ ಹೊಟ್ಟೆನೋವು. ಆ ಹೊಟ್ಟೆನೋವಿನಲ್ಲೇ ಅವರು ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದದ್ದನ್ನು ನಾನು ನೋಡಿದೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಮುನ್ನೀ ಬೀ ಹೀಗೆ ಏಳು ವರ್ಷ ಬಂದು ಹೋಗಿದ್ದಾಳೆ ಎನ್ನುವುದು ನಿನಗೂ ಅರ್ಥವಾಗಲಿ.

ಡೈರಿ ಬರೆದವನು ನನ್ನ ಅಪ್ಪನೇ ಎಂದು ಅವಳಿಗೆ ಹೇಳಿದೆ. ಮಾರ್ಚಿನಲ್ಲೇ ಹೇಳಿದೆ, ನಿನಗೆ ಬರೆಯಲು ಧೈರ್ಯವಾಗಲಿಲ್ಲ. ಬೇರೆ ವಕೀಲರನ್ನು ಹುಡುಕಿಕೊಡುತ್ತೇನೆ ಎಂದೆ. “ವಕೀಲರನ್ನ ಬದ್ಲಿ ಮಾಡಿದ್ರ ಮತ್ತ ಏಳು ವರ್ಷ ಹೋಗ್ತಾವ್ರೀ. ನೀವೇ ಇರ್ರಿ. ನೀರು ಕುಡಿಸಿದ ಮನಶ್ಯಾ ಹಂಗ್ಯಾಕ ಬರದಾ ಅಂತ ನಿಮ್ಮಪ್ಪಗ ಕೇಳ್ರಿ, ಸಾಕು” ಎಂದಳು. ನಿನ್ನೆ ನೀನು ಅವಳಿಂದ ನಾಲ್ಕು ಮೆಟ್ಟಿಲು ಕೆಳಗೆ ಕೂತಿದ್ದೆ. ನೀನು ಯಾರೆಂದು ಅವಳಿಗೆ ಗೊತ್ತಿತ್ತು.

ಮುಂದಿನ ತಾರೀಖು ಜುಲೈ 22.

ವಿಜಯಶ್ರೀ


ರಾಯಚೂರು
3 ಡಿಸೆಂಬರ್ 2024

ಅಪ್ಪಾ,

ತೀರ್ಪಿನ ದಿನ ನೀನು ಬರಲಿಲ್ಲ, ಒಳ್ಳೆಯದೇ ಆಯಿತು. ಅಂಬರೀಶ ಬಿಡುಗಡೆಯಾದರು.

ಅರವತ್ತೊಂದು ಪುಟದ ತೀರ್ಪು. ಇಪ್ಪತ್ತು ಪುಟ ತುಂಬ ಮಾನವ ಘನತೆ, ಸಂವಿಧಾನ, ನಾನು ಓದಿದ್ದ ಹಳೆಯ ತೀರ್ಪುಗಳೆಲ್ಲ ಇವೆ. ಓದುತ್ತಾ ಗೆದ್ದೇ ಬಿಟ್ಟೆವು ಎನ್ನಿಸುತ್ತದೆ. ಮೂವತ್ತನೇ ಪುಟದಲ್ಲಿ ‘ಆದಾಗ್ಯೂ’ ಎಂದು ಶುರುವಾಗುತ್ತದೆ. ಇಷ್ಟು ವರ್ಷ ಎಲ್ಲ ತೀರ್ಪುಗಳಲ್ಲೂ ನಾನು ಕಂಡದ್ದು ಇದೇ ತಿರುವು. ಗೋಡೆ ಇತ್ತೋ ಬೇಲಿ ಇತ್ತೋ, ಅವನು ಹಾರಿ ಬೀಳಲಿಲ್ಲ ಎನ್ನಲು ಸಾಕಷ್ಟು ಪುರಾವೆಯಿಲ್ಲವಂತೆ. ಗೋಡೆ ಕಟ್ಟಿದ ಕಾಗದ ಕೇಳಿದರೆ ಕಡತ ಸಿಗುತ್ತಿಲ್ಲ ಎಂದು ಉತ್ತರ ಬಂತಲ್ಲ, ಅದೂ ಅವರಿಗೇ ಅನುಕೂಲವಾಯಿತು. ಉಳಿದದ್ದು ನಿನ್ನ ಸಾಕ್ಷ್ಯ.

ನೀನು ಕಟಕಟೆಯಲ್ಲಿ ನಿಂತು ಒಂದಕ್ಷರ ತಪ್ಪದೆ ಎಲ್ಲ ಹೇಳಿದೆ. ಎದುರು ವಕೀಲರು ನಿನ್ನ ಸರ್ವೀಸಿನಲ್ಲಿ ಇಂಥ ಸುಳ್ಳು ಎಷ್ಟು ಬರೆದಿದ್ದೀರಿ ಎಂದು ಕೇಳಿದರು. ನಾನು ಆಕ್ಷೇಪ ಎತ್ತುವ ಮೊದಲೇ ನೀನು “ಲೆಕ್ಕ ಇಟ್ಟಿಲ್ರೀ” ಎಂದುಬಿಟ್ಟೆ. ಮಗಳ ಕೇಸಿಗಾಗಿ ಇನ್ನೊಂದು ಸುಳ್ಳು ಹೇಳುತ್ತಿದ್ದೀರಿ ಎಂದರು.

ತೀರ್ಪು ಹೇಳುವುದು ಇದನ್ನೇ. ಸುಳ್ಳು ದಾಖಲೆ ಬರೆದೆನೆಂದು ತಾನೇ ಒಪ್ಪಿಕೊಂಡವನ ಮಾತನ್ನು ನಂಬಲಾಗದು. ನೀನು ಸುಳ್ಳು ಬರೆದಾಗ ಏಳು ವರ್ಷ ನಂಬಿದರು ಅಪ್ಪಾ, ನಿಜ ಹೇಳಿದ ದಿನ ಸುಳ್ಳುಗಾರ ಎಂದರು. ಕರ್ತವ್ಯದ ಭರದಲ್ಲಿ ಸ್ವಲ್ಪ ಹೆಚ್ಚು ಬಲ ಬಳಸಿದ್ದರೂ ಅನುಮತಿಯಿಲ್ಲದೆ ಶಿಕ್ಷಿಸಲಾಗದು ಎಂದು ಬಾಲಂಗೋಚಿ ಬೇರೆ. ಮತ್ತೆ ಅದೇ ಅನುಮತಿ. ಕಾನೂನು ಪುಸ್ತಕವನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

ಕೊನೆಯ ಪುಟದ ವಿಷಯ ಬರೆಯಲು ನನಗೆ ಕೈ ಬರುತ್ತಿಲ್ಲ. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ನಿನ್ನ ಮೇಲೆ ಪ್ರತ್ಯೇಕ ಕ್ರಮ ಕೈಗೊಳ್ಳಲು ಆದೇಶವಾಗಿದೆ. ಇಡೀ ಕೇಸಿನಲ್ಲಿ ಶಿಕ್ಷೆಯ ದಾರಿ ಹಿಡಿದವನು ನೀನೊಬ್ಬನೇ. ನಾನೇ ನಿನ್ನನ್ನು ಅಲ್ಲಿಗೆ ಎಳೆದು ನಿಲ್ಲಿಸಿದೆ. ನೋಟೀಸಿಗೆ ನೀನು ಏನೂ ಬರೆಯಬೇಡ. ನಿನ್ನ ಹೇಳಿಕೆಯನ್ನು ಒತ್ತಡದಲ್ಲಿ ಕೊಟ್ಟೆ ಎಂದು ಹೇಳಿ ಬಿಡಿಸುವ ದಾರಿಯಿದೆ. ನಾನು ದೊಡ್ಡ ವಕೀಲರನ್ನು ನೋಡುತ್ತೇನೆ.

ತೀರ್ಪು ಓದಿ ಮುಗಿದ ಮೇಲೆ ವಸೀಮ್ ಏನಾಯಿತು ಎಂದು ಕೇಳಿದ. ಅವನಿಗೆ ಕೋರ್ಟಿನ ಭಾಷೆ ತಿಳಿಯಲಿಲ್ಲ. ನಾನೇ ಹೇಳಬೇಕಾಯಿತು.

ವಿಜಯಶ್ರೀ


ಮಾನ್ವಿ
18 ಡಿಸೆಂಬರ್ 2024

ಚಿ. ವಿಜಯಶ್ರೀಗೆ,

ನೋಟೀಸು ಬಂತು. ದೊಡ್ಡ ವಕೀಲರೂ ಬೇಡ, ಸಣ್ಣ ವಕೀಲರೂ ಬೇಡ. ನಾನು ತಪ್ಪೊಪ್ಪಿಕೊಳ್ಳುತ್ತೇನೆ.

ನೀನು ಕಾನೂನು ಓದಿದವಳು, ಆದರೂ ಒಂದು ವಿಷಯ ನಿನಗೆ ಹೊಳೆದಿಲ್ಲ. ಆ ನಮೂದು ಸುಳ್ಳೆಂದು ಸಾಬೀತಾದರೆ ಮಾತ್ರ ನನಗೆ ಶಿಕ್ಷೆ ಕೊಡಲು ಬರುತ್ತದೆ. ಹಾಗಾದರೆ ವಸೀಮ್ ಬೀಳಲಿಲ್ಲ ಎಂದು ಒಂದು ಕೋರ್ಟು ಬರೆದು ರುಜು ಹಾಕಬೇಕಾಗುತ್ತದೆ. ಒಂದೇ ಸಾಲು ನನ್ನ ಕೇಸಿನಲ್ಲಿ ಸುಳ್ಳು, ಅಂಬರೀಶನ ಕೇಸಿನಲ್ಲಿ ನಿಜ ಆಗಲಿಕ್ಕೆ ಹೇಗೆ ಸಾಧ್ಯ? ಒಂದರ ತೀರ್ಪು ಇನ್ನೊಂದಕ್ಕೆ ನಡೆಯುವುದಿಲ್ಲ ಎಂದು ನೀನು ಯಾವುದೋ ಕಲಂ ತೆಗೆಯುತ್ತೀ. ತೆಗೆ. ಆದರೂ ನೀನು ಹಾಕುವ ಅಪೀಲಿಗೆ ಅದನ್ನು ಲಗತ್ತಿಸು. ಓದುವವರಿಗೆ ಸ್ವಲ್ಪವಾದರೂ ನಾಚಿಕೆಯಾಗಲಿ. ಒತ್ತಡದಲ್ಲಿ ಹೇಳಿದೆ ಎಂದು ಮಾತ್ರ ಬರೆಯಬೇಡ. ಆ ಡೈರಿಯ ವಿಷಯದಲ್ಲಿ ನಾನು ಒತ್ತಡವಿಲ್ಲದೆ ಮಾಡಿದ್ದು ಅದೊಂದೇ.

ಪಿಂಚಣಿ ನಿಂತರೂ ನಿಲ್ಲಬಹುದು ಎಂದು ನಿನ್ನ ಅವ್ವನಿಗೆ ಹೇಳಿದೆ. ನಿನ್ನ ಆ ಪತ್ರ ಓದಿದ ಮೇಲೆ ಮೊದಲ ಸಲ ನನಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಟ್ಟಳು.

ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ವಸೀಮನ ಅಂಗಡಿಯಲ್ಲಿ ಈಗ ಅವನ ತಮ್ಮ ಮತೀನ್ ತಂತಿ ಸುತ್ತುತ್ತಾನೆ, ವಸೀಮ್ ಪಕ್ಕದಲ್ಲಿ ಕುಳಿತು ಸುತ್ತು ಎಣಿಸುತ್ತಾನೆ. ಹಾಗೆ ಯಾಕೆ ಬರೆದೆ ಎಂದು ನಿನ್ನ ಹತ್ತಿರ ಹೇಳಿಕಳಿಸಿದ್ದ ಮಾತನ್ನು ಮುನ್ನೀ ಬೀ ನನ್ನ ಎದುರಿಗೇ ಕೇಳಿದಳು. ರೂಢಿ ಎಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಇನ್ನೊಂದು ಕೆಲಸವಿದೆ, ಅದನ್ನು ನೀನೇ ಮಾಡಬೇಕು. ಹೇಳಿಕೆ ಕೊಡಲು ಜನವರಿ ಆರಕ್ಕೆ ಠಾಣೆಗೆ ಬರಬೇಕೆಂದು ಕರೆದಿದ್ದಾರೆ. ಮಧ್ಯಾಹ್ನ ಎರಡು ಗಂಟೆಗೆ. ಆ ದಿನ ನೀನು ಬೇರೆ ಯಾವ ಕೇಸೂ ಇಟ್ಟುಕೊಳ್ಳಬೇಡ. ಕೋಟು ಹಾಕಿಕೊಂಡು ಬಾ, ನನ್ನ ಪಕ್ಕದಲ್ಲೇ ಕೂರು, ಅವರು ಹೊರಗೆ ಕೂರಿ ಎಂದರೂ ಏಳಬೇಡ. ಒಳಗೆ ಏನಾಗುತ್ತದೆಂದು ನನಗೆ ಗೊತ್ತು ಮಗಳೇ. ನನಗೆ ಒಬ್ಬನೇ ಹೋಗಲು ಹೆದರಿಕೆಯಾಗುತ್ತದೆ.

ನಿನ್ನ ಅಪ್ಪ,
ಪಂಪಾಪತಿ